ಕುಂಕುಮದ ಬ್ಯಾಟರಿ

ಕೆರೆಯ ಪಕ್ಕದ ಬಯಲಲ್ಲಿ ಚಿದಂಬರಯ್ಯ ಅಂತ ಒಬ್ಬ ಗುರು. ಆಟದ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಆಟದ್ದು ಅಂದರೆ ಅಂಗೈಯಗಲದ್ದಲ್ಲ. ರೆಕ್ಕೆ ಬಿಚ್ಚಿದರೆ ಎತ್ತಿನ ಗಾಡಿಯಷ್ಟು ಅಗಲ. ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸಬೇಕು.

ಶಿಷ್ಯ ಭೈರಲಿಂಗ. ನಲವತ್ತು ದಾಟಿದವ. ನಾಲಿಗೆ ಮಾತ್ರ ಇನ್ನೂ ಹದಿನಾರರದ್ದು.

ಹೋದ ವರ್ಷ ಅವನ ಮೊದಲ ವಿಮಾನ ಊರೆಲ್ಲ ನೋಡುತ್ತಿದ್ದಂತೆ ತಲೆಕೆಳಗಾಗಿ ಬಿದ್ದು ಪುಡಿಯಾಯಿತು. ಅದರೊಳಗೆ ಎರಡು ಬ್ಯಾಟರಿ. ಅವುಗಳ ಕರೆಂಟನ್ನು ರೆಕ್ಕೆ, ಬಾಲ ಆಡಿಸುವ ಎಂಟು ಪುಟ್ಟ ಮೋಟರುಗಳಿಗೆ ಹಂಚಲು ಒಂದು ಪೆಟ್ಟಿಗೆ. ಒಂದು ಬ್ಯಾಟರಿಯ ವೈರು ಕಳಚಿದರೆ ಇನ್ನೊಂದರಿಂದ ನಡೆಸಬೇಕು, ಅದು ಪೆಟ್ಟಿಗೆಯ ಧರ್ಮ. ಅವತ್ತು ಹಾರುವಾಗಲೇ ಒಂದರ ವೈರು ಕಳಚಿತ್ತು. ವಿಮಾನ ನಡೆಯಲಿಲ್ಲ.

ಭೈರಲಿಂಗ ಪೆಟ್ಟಿಗೆಯನ್ನು ಕಿತ್ತು ಕೆರೆಗೆ ಎಸೆದ. ಅಷ್ಟಕ್ಕೇ ಬಿಟ್ಟನೇ? ಅದನ್ನು ಮಾರಿದ ರೇವಪ್ಪ ಸೆಟ್ಟಿಯನ್ನು ಸಂತೆಯ ನಡುವೆ ನಿಲ್ಲಿಸಿಕೊಂಡು "ಖೋಟಾಮಾಲು ಮಾರೋ ಕಳ್ಳ" ಅಂದ.

ಸೆಟ್ಟಿ ತುಟಿ ಬಿಚ್ಚಲಿಲ್ಲ. ಸುಮ್ಮನಿದ್ದವರನ್ನು ಊರು ಬಿಡುತ್ತದೆಯೇ? "ಏನೋ ಇರಬೇಕು ಕಣ್ರೀ" ಅಂದಿತು. ಅವನ ಅಂಗಡಿ ಮೆಟ್ಟಿಲ ಮೇಲೆ ನಾಯಿ ಮಲಗತೊಡಗಿತು.

ಈ ವರ್ಷ ಭೈರಲಿಂಗನ ಹೊಸ ವಿಮಾನ ತಯಾರಾಯಿತು. ಮತ್ತೆ ಬಿದ್ದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಅದಕ್ಕೇ ಮೂರು ಊರು ಸುತ್ತಿ ಮೂರು ಪೆಟ್ಟಿಗೆ ತಂದು ಗುರುಗಳ ಮುಂದಿಟ್ಟ.

"ಇದು ಹಗುರ, ಗುರುಗಳೇ. ಇದಕ್ಕೆ ಪರದೆ ಇದೆ, ಎಲ್ಲ ಬರೆದು ತೋರಿಸುತ್ತೆ. ಇದು ಭಾರ, ಆದರೆ ಬಿಸಿಯಾಗೋಲ್ಲ. ಯಾವುದು ಮೇಲು ಹೇಳಿ, ಇವತ್ತೇ ಹಾರಿಸ್ತೀನಿ."

"ಒಂದೊಂದಾಗಿ ಕೂರಿಸು."

ಹಗುರದ್ದನ್ನು ಕೂರಿಸಿದ. ಎರಡೂ ಬ್ಯಾಟರಿಗೆ ಹಸಿರು ದೀಪ ಬಂತು. ರೆಕ್ಕೆ ಬಾಲ ಎಲ್ಲ ಒಟ್ಟಿಗೆ ಕುಣಿದವು.

ಗುರು ಒಂದು ಬ್ಯಾಟರಿಯ ವೈರು ಎಳೆದರು.

ವಿಮಾನ ಒಂದು ಸಲ ಬಿಕ್ಕಿ ಮಲಗಿತು.

"ಥೂ, ದರಿದ್ರದ್ದು!" ಭೈರಲಿಂಗ ಪರದೆಯದನ್ನು ಕೂರಿಸಿದ. ಗುರು ಅದೇ ವೈರು ಎಳೆದರು. ಅದೂ ಮಲಗಿತು. ಭಾರದ್ದೂ ಮಲಗಿತು.

"ಮೂರೂ ಖೋಟಾಮಾಲು! ಲೋಕಾನೇ ಕೆಟ್ಟುಹೋಗಿದೆ, ಗುರುಗಳೇ."

"ಮೂರು ಊರಿನವರು ಮಾತಾಡಿಕೊಂಡು ನಿನಗೊಬ್ಬನಿಗೇ ಮೋಸ ಮಾಡಿದರು ಅನ್ನು."

"ಅನ್ನೋದೇನು, ಕಣ್ಣೆದುರೇ ಇದೆಯಲ್ಲ!"

ಗುರು ವಿಮಾನದೊಳಗೆ ವೈರು ಎಳೆಯದೆ ಬಿಟ್ಟಿದ್ದ ಬ್ಯಾಟರಿಯತ್ತ ಬೆರಳು ತೋರಿಸಿದರು. ಅದರ ಹಣೆಗೆ ಕುಂಕುಮ, ಪಕ್ಕದಲ್ಲಿ ಒಣಗಿದ ಹೂವಿನ ಎಸಳು.

"ಈ ಮದುವಣಗಿತ್ತಿ ಯಾರಯ್ಯ?"

ಭೈರಲಿಂಗನ ಮುಖ ಅರಳಿತು. "ಹೋದ ವರ್ಷ ಎಲ್ಲ ಪುಡಿಯಾದಾಗ ಗೀರೂ ಬೀಳದೆ ಉಳಿದದ್ದು ಇದೊಂದೇ. ಅದೃಷ್ಟದ್ದು. ಆಯುಧಪೂಜೇಲಿ ಮೊದಲ ಆರತಿ ಇದಕ್ಕೇ."

"ಅವತ್ತು ಕಳಚಿದ ವೈರು ಇದರದ್ದೋ?"

"ಛೆ, ಛೆ, ಇನ್ನೊಂದರದ್ದು. ಇದು ಕೊನೇವರೆಗೂ ಜೊತೇಲೇ ಇತ್ತು."

ಗುರು ಕುಂಕುಮದ ಬ್ಯಾಟರಿಯನ್ನು ಹೊರಗಿಟ್ಟರು. ತಮ್ಮ ಚೀಲದಿಂದ ಮಾಸಿದ ಬ್ಯಾಟರಿಯೊಂದನ್ನು ತೆಗೆದು ಅದರ ಜಾಗಕ್ಕೆ ಸೇರಿಸಿದರು. ಮತ್ತೆ ಅದೇ ವೈರು ಎಳೆದರು.

ಭಾರದ ಪೆಟ್ಟಿಗೆ ನಡೆಸಿತು. ಪರದೆಯದೂ ನಡೆಸಿತು. ಹಗುರದ್ದೂ ನಡೆಸಿತು.

ಭೈರಲಿಂಗನ ಕಿವಿ ಕೆಂಪಗಾಯಿತು. ಕುಂಕುಮದ ಬ್ಯಾಟರಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಇದಕ್ಕೂ ಹಸಿರು ದೀಪ ಬಂದಿತ್ತಲ್ಲ, ಗುರುಗಳೇ?"

"ಸುಮ್ಮನೆ ಕೂತಾಗ ಬರುತ್ತೆ, ಜೊತೆಯದು ಹೊರೆ ಹೊತ್ತಾಗಲೂ ಬರುತ್ತೆ. ಎಂಟು ಮಂದಿ ಒಟ್ಟಿಗೆ ಬಡಿಸು ಅಂದಾಗ ತಾನೇ ಪಾತ್ರೆಯ ತಳ ಕಾಣೋದು?"

ಗಾಳಿ ಹಿತವಾಗಿತ್ತು. ಹಾರಿಸಲು ಇದಕ್ಕಿಂತ ಒಳ್ಳೆಯ ದಿನ ಇರಲಿಲ್ಲ. ಭೈರಲಿಂಗ ಸಂತೆಯಲ್ಲಿ ಆಡಿದ ಮಾತು ನೆನೆದ. ನೆನೆದದ್ದನ್ನು ಹಾಗೇ ನುಂಗಿದ. ಮೂರೂ ಪೆಟ್ಟಿಗೆಯನ್ನು ಸಾಲಾಗಿ ಜೋಡಿಸಿ, ಇಲ್ಲದ ಧೂಳು ಒರೆಸುತ್ತ ಸಣ್ಣ ದನಿಯಲ್ಲಿ ಕೇಳಿದ.

"ಹಾಗಾದರೆ... ಎಲ್ಲಕ್ಕಿಂತ ಮೇಲಾದ ಪೆಟ್ಟಿಗೆ ಯಾವುದು, ಗುರುಗಳೇ? ಅದನ್ನೇ ಕೂರಿಸಿ ಹಾರಿಸ್ತೀನಿ."

ಗುರು ರಿಮೋಟನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಕೆರೆಯಲ್ಲಿದೆ. ಸೆಟ್ಟಿಯನ್ನೂ ಕರೆದುಕೊಂಡು ಹೋಗಿ ಹುಡುಕು."