ಸುರಂಗದಾಚೆಯ ಮೋರಿ

ರೈಲು ಬರುವುದು ನಿಂತು ಎಷ್ಟೋ ವರ್ಷಗಳಾದ ಮೇಲೆ, ಬೆಟ್ಟದ ಬುಡದ ಆ ಪುಟ್ಟ ಸ್ಟೇಷನ್ನಿಗೆ ನೀಲವ್ವ ಬಂದು ನೆಲೆಸಿದರು.

ಹಳಿಗಳನ್ನು ಯಾವಾಗಲೋ ಕಿತ್ತುಕೊಂಡು ಹೋಗಿದ್ದರು. ಜಲ್ಲಿ ಹಾಸಿದ ದಾರಿ ಮಾತ್ರ ಉಳಿದಿತ್ತು. ಅದು ತೇಗ, ಮತ್ತಿ ಮರಗಳ ನಡುವೆ ಸುತ್ತಿ ಸುತ್ತಿ ಬೆಟ್ಟ ಹತ್ತಿ, ಒಂದು ಸುರಂಗ ಹಾದು ಆಚೆಯ ಕಣಿವೆಗೆ ಇಳಿಯುತ್ತಿತ್ತು.

ನೀಲವ್ವ ವಯಸ್ಸಿನಲ್ಲಿದ್ದಾಗ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವರು. ಈಗ ತಲೆ ನರೆತಿತ್ತು. ಬಂದವರಿಗೆ ಅವರು ಮಂತ್ರ ಹೇಳಿಕೊಡುತ್ತಿರಲಿಲ್ಲ. ದಪ್ಪ ಟಯರಿನ ಸೈಕಲ್ ಕೊಟ್ಟು ಆ ದಾರಿಗೆ ಕಳಿಸುತ್ತಿದ್ದರು. ಆದರೂ ಜನ ಆ ಜಾಗವನ್ನು ಆಶ್ರಮ ಎಂದೇ ಕರೆಯುತ್ತಿದ್ದರು.

ಭರಮಣ್ಣ ಅಲ್ಲಿ ಬಹಳ ಕಾಲದಿಂದ ಇದ್ದ ಶಿಷ್ಯ. ಇಂದುಧರ ಆ ವರ್ಷವಷ್ಟೇ ಬಂದವನು.

ಬಂದ ಸ್ವಲ್ಪ ದಿನಕ್ಕೇ ಇಂದುಧರ ಏರಿನಲ್ಲಿ ಭರಮಣ್ಣನನ್ನು ಹಿಂದೆ ಹಾಕತೊಡಗಿದ. ಉಬ್ಬಸವಿಲ್ಲ, ಒದ್ದಾಟವಿಲ್ಲ. ಏನೋ ಗುನುಗುತ್ತ ಹತ್ತಿಬಿಡುತ್ತಿದ್ದ.

ಹತ್ತಿದ ಮೇಲೆ ಸುರಂಗದ ಬಾಯಿಯಲ್ಲಿ ನಿಂತು ಕಾಯುತ್ತಿದ್ದ.

"ಬಾ ಅಣ್ಣಾ, ನೀರು ಕುಡಿ," ಎಂದು ಬಾಟಲಿ ಚಾಚುತ್ತಿದ್ದ.

ಸೋತಿದ್ದಕ್ಕಿಂತ ಆ ಬಾಟಲಿಗೇ ಭರಮಣ್ಣನಿಗೆ ಹೆಚ್ಚು ಉರಿಯುತ್ತಿತ್ತು.

ಒಂದು ಸಂಜೆ ನೀಲವ್ವ ಇಬ್ಬರನ್ನೂ ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು. "ಇವತ್ತು ದಾರಿಯೊಳಗ ಏನ್ ನೋಡಿದ್ರಿ?"

ಇಂದುಧರ ಹೇಳಿದ. "ಮುಂಗುಸಿ ಒಂದು ಮರಿ ಕಚ್ಚಿಕೊಂಡು ದಾರಿ ದಾಟ್ತ್ರಿ ಅವ್ವಾರ. ಅದು ಹೋಗೂತನಕ ನಿಂತೆ."

"ನೀನು?"

ಭರಮಣ್ಣ ತಲೆ ತಗ್ಗಿಸಿದ. "ಇವನ ಬೆನ್ನು ನೋಡಿದೆ ರೀ."

"ಮತ್ತೇನು?"

"ಮತ್ತೇನಿಲ್ರಿ. ಅದೊಂದ."

"ಹಂಗಾದ್ರ ನಾಳೆ ನೀ ಮುಂದ ಹೋಗು. ಅಂವ ನಿನ್ನ ಹಿಂದ ಬರ್ಲಿ."

ಮರುದಿನ ಸಂಜೆ ಅವರು ಮತ್ತೆ ಕೇಳಿದರು. "ಇವತ್ತರೆ ದಾರಿ ಕಂಡಿತೇನು?"

"ಇಲ್ರಿ ಅವ್ವಾರ. ಎಷ್ಟು ಹತ್ತಿರ ಬಂದಾನ ಅಂತ ತಿರುಗಿ ತಿರುಗಿ ನೋಡೋದ ಆತು. ಎರಡು ಸಲ ಗಿಡಕ್ಕ ಹೊಡಕೊಂಡೆ."

ಇಂದುಧರ ನಕ್ಕ. ನೀಲವ್ವ ನಗಲಿಲ್ಲ.

"ನಾಳೆ ನೀ ಒಬ್ಬನ ಹೋಗು," ಎಂದರು.

ಆ ರಾತ್ರಿ ಬೆಟ್ಟದ ಮೇಲೆ ಜೋರು ಮಳೆಯಾಯಿತು. ಬೆಳಿಗ್ಗೆ ಭರಮಣ್ಣ ಒಬ್ಬನೇ ಹೊರಟ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಆದರೂ ಪ್ರತಿ ತಿರುವಿನಲ್ಲಿ, ಇಂದುಧರ ಇಲ್ಲಿ ಯಾವ ಗಿಯರಿನಲ್ಲಿ ಹತ್ತುತ್ತಿದ್ದ ಎಂದೇ ಲೆಕ್ಕ ಹಾಕುತ್ತ ಹೋದ.

ಸುರಂಗದ ಕತ್ತಲೆಯಿಂದ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಅಭ್ಯಾಸಬಲದಿಂದ ಬ್ರೇಕ್ ಹಿಡಿದ. ಸೈಕಲ್ ಜಲ್ಲಿಯಲ್ಲಿ ಜಾರಿ ನಿಂತಿತು.

ಮುಂದಿನ ಗಾಲಿಯ ಎದುರಿಗೇ ದಾರಿ ಇರಲಿಲ್ಲ.

ಹಳ್ಳದ ಮೇಲಿನ ಹಳೆಯ ಮೋರಿ ಮಳೆಗೆ ಕುಸಿದುಬಿದ್ದಿತ್ತು. ಕೆಳಗೆ ನೀರು, ಕಲ್ಲು.

ಭರಮಣ್ಣ ಸೈಕಲ್ಲಿನಿಂದ ಇಳಿದ. ನಿಧಾನವಾಗಿ ಬಂದದ್ದಕ್ಕೆ ಬದುಕಿದ್ದ.

ಇಂದುಧರ ಇಲ್ಲಿ ನಿಧಾನ ಮಾಡುವವನಲ್ಲ.

ಆ ಮಾತು ತನ್ನಷ್ಟಕ್ಕೆ ಅವನ ತಲೆಯೊಳಗೆ ಬಂತು. ಬಂದದ್ದು ಹೋಗಲಿಲ್ಲ.

ಸಂಜೆ ನೀಲವ್ವ ಕೇಳಿದರು. "ದಾರಿಯೊಳಗ ಏನ್ ನೋಡಿದಿ?"

"ಏನಿಲ್ರಿ," ಎಂದ ಭರಮಣ್ಣ.

ಮರುದಿನ ಬೆಳಿಗ್ಗೆ ಇಂದುಧರ ಸೈಕಲ್ ಏರಿದ. "ಇವತ್ತು ನನ್ನ ಪಾಳಿ ಅಣ್ಣಾ," ಎಂದು ಕೈ ಬೀಸಿ ಹೋದ.

ಭರಮಣ್ಣ ರೊಟ್ಟಿ ಮುಂದಿಟ್ಟುಕೊಂಡು ಕೂತ. ಒಂದು ತುತ್ತು ಮುರಿದ. ಅದನ್ನು ತಟ್ಟೆಗೇ ಹಾಕಿದ.

ನೀಲವ್ವ ಪಕ್ಕದಲ್ಲಿ ಚೈನಿಗೆ ಎಣ್ಣೆ ಹಾಕುತ್ತಿದ್ದರು. "ಯಾಕ, ಉಣವಲ್ಲಿ?" ಎಂದರು.

ಅವನು ರೊಟ್ಟಿ ಸರಿಸಿದ. ಎದ್ದು ಸೈಕಲ್ ಕಡೆಗೆ ಓಡಿದ.

ಅಂಥ ವೇಗದಲ್ಲಿ ಅವನು ಎಂದೂ ಹತ್ತಿರಲಿಲ್ಲ. ಜಲ್ಲಿ ಸಿಡಿದು ಮೊಣಕಾಲಿಗೆ ಹೊಡೆಯುತ್ತಿತ್ತು. ಉಸಿರು ಎದೆಗೆ ಒದೆಯುತ್ತಿತ್ತು. "ಇಂದೂ! ನಿಲ್ಲೋ!" ಎಂದು ಕೂಗುತ್ತಲೇ ಇದ್ದ. ಕಾಡು ಅದನ್ನೇ ತಿರುಗಿ ಕೂಗಿತು.

ಕೊನೆಯ ಏರಿನಲ್ಲಿ ಅವನಿಗೆ ಒಂದು ಯೋಚನೆ ಬಂತು. ಈ ಏರನ್ನು ಇಂದುಧರನೂ ಇಷ್ಟು ಬೇಗ ಹತ್ತಿಲ್ಲ.

ಮನಸ್ಸು ಒಂದು ಕ್ಷಣ ಹಿಗ್ಗಿತು. ಹಿಗ್ಗಿದ್ದು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸುರಂಗದ ಆಚೆ ಸೈಕಲ್ ಮೋರಿಯ ಅಂಚಿಗೆ ಸಿಕ್ಕಿಕೊಂಡಿತ್ತು. ಇಂದುಧರ ಹಳ್ಳದಲ್ಲಿ ಬಿದ್ದಿದ್ದ. ಬಲಗೈ ಮೈಕೆಳಗೆ ಮುರಿದಿತ್ತು, ಎಡ ಮಣಿಕಟ್ಟು ಊದಿತ್ತು. ಜೀವವಿತ್ತು.

"ಅಣ್ಣಾ," ಎಂದ. "ಬಂದ್ಯಾ."

ಭರಮಣ್ಣ ಅವನನ್ನು ಎತ್ತಿ ಮೇಲಕ್ಕೆ ತಂದ. ತನ್ನ ಅಂಗಿ ಹರಿದು ಕೈ ಕಟ್ಟಿದ. ತನ್ನ ಸೈಕಲ್ ಮೇಲೆ ಕೂರಿಸಿ, ಒಂದು ಕೈಯಲ್ಲಿ ಅವನ ಸೊಂಟ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆದ.

ಗಾಲಿ ಒಂದು ಕಲ್ಲಿನ ಮೇಲೆ ಹತ್ತಿದರೆ ಇಂದುಧರ ನರಳುತ್ತಿದ್ದ. ಹಾಗಾಗಿ ಭರಮಣ್ಣ ಒಂದೊಂದು ಕಲ್ಲನ್ನೂ ನೋಡಿ ನೋಡಿ ಗಾಲಿ ತಿರುಗಿಸುತ್ತಿದ್ದ.

ಸುರಂಗದ ನಡುವೆ ಇಂದುಧರ ಕೇಳಿದ. "ನಿನ್ನೆ ನೀ ಈ ಕಡೆ ಬಂದಿದ್ದಿ ಹೌದಲ್ಲ?"

"ಬಂದಿದ್ದೆ."

"ಅವಾಗ ಮೋರಿ ಇತ್ತೇನು?"

ಹನಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ಇರಲಿಲ್ಲ," ಎಂದ ಭರಮಣ್ಣ.

ಅಲ್ಲಿಂದ ಸ್ಟೇಷನ್ ಬರುವವರೆಗೆ ಇಂದುಧರ ಒಮ್ಮೆಯೂ ನರಳಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಬಲಗೈಗೆ ಭುಜದವರೆಗೆ ಪ್ಲಾಸ್ಟರ್ ಹಾಕಿದರು. ಎಡಗೈಗೂ ಪಟ್ಟಿ ಬಿತ್ತು. ಈ ವರ್ಷ ಸೈಕಲ್ ಮುಟ್ಟುವ ಹಾಗಿಲ್ಲ ಎಂದರು.

ಅವನನ್ನು ಕರೆತಂದು ಮಲಗಿಸಿದ ಮೇಲೆ ಭರಮಣ್ಣ ನೀಲವ್ವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ.

"ಇದನ್ನ ಅವನಿಗೆ ಹೇಳಿದಿ?"

"ಹೇಳೀನ್ರಿ."

"ಹಂಗಾದ್ರ ನನಗ್ಯಾಕ ಹೇಳ್ತಿ?"

"ನನ್ನನ್ನ ಹೊರಗ ಹಾಕ್ರಿ ಅವ್ವಾರ."

"ಹೋಗಾವ ಇದ್ರ ಹೋಗು. ಆದ್ರ ಮೋರಿ ಕಟ್ಟಿ ಹೋಗು. ಆ ದಾರಿಗೆ ಇನ್ನೂ ಯಾರ್ಯಾರೋ ಬರ್ತಾರ."

ಭರಮಣ್ಣ ದಿನವೂ ಹತ್ತಿ ಹೋದ. ಕುಸಿದ ಕಲ್ಲುಗಳನ್ನು ಹಳ್ಳದಿಂದ ಮೇಲೆತ್ತಿದ. ಬಿದ್ದ ಮರದ ದಿಮ್ಮಿಗಳನ್ನು ಎಳೆದು ತಂದು ಅಡ್ಡ ಹಾಕಿದ. ಅಂಗೈಯಲ್ಲಿ ಬೊಕ್ಕೆಗಳೆದ್ದು ಒಡೆದವು. ಏರಿನಲ್ಲಿ ಈಗ ಅವನ ಮುಂದೆ ಯಾರ ಬೆನ್ನೂ ಇರಲಿಲ್ಲ.

ಮೋರಿ ಮುಗಿದ ದಿನ ಮಧ್ಯಾಹ್ನವೇ ಕೆಳಗೆ ಇಳಿದು ಬಂದ. ಹೇಳಿ ಹೊರಟುಬಿಡೋಣ ಎಂದುಕೊಂಡಿದ್ದ.

ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ.

ನೀಲವ್ವ ಇಂದುಧರನ ಮಗ್ಗುಲಲ್ಲಿ ಕೂತು ಚಮಚೆಯಲ್ಲಿ ಗಂಜಿ ಕುಡಿಸುತ್ತಿದ್ದರು. ನಡುನಡುವೆ ಸೆರಗಿನಿಂದ ಅವನ ಬಾಯಿ ಒರೆಸುತ್ತಿದ್ದರು.

ಇಷ್ಟು ವರ್ಷಗಳಲ್ಲಿ ಅವರು ಭರಮಣ್ಣನಿಗೆ ಒಮ್ಮೆಯೂ ಹಾಗೆ ಕುಡಿಸಿರಲಿಲ್ಲ.

ಅವನು ಹೊಸ್ತಿಲ ಮೇಲೆ ಕುಸಿದು ಅಳತೊಡಗಿದ.

"ಏನಾತು?" ಎಂದರು ನೀಲವ್ವ.

"ಇನ್ನೂ ಹೋಗಿಲ್ರಿ ಅವ್ವಾರ."

"ಏನು?"

"ಹೊಟ್ಟಿಕಿಚ್ಚು. ಅಂವ ಸೈಕಲ್ ಹತ್ತಂಗಿಲ್ಲ. ಎರಡೂ ಕೈ ಇಲ್ದ ಬಿದ್ದಾನ. ನಾನ ಬೀಳಿಸೀನಿ. ಆದ್ರೂ ನೀವು ಅವನಿಗೆ ಕುಡಿಸೋದು ಕಂಡು ನನಗ ತಡಕೊಳ್ಳಾಕ ಆಗವಲ್ದು."

ನೀಲವ್ವ ಎದ್ದರು. ಬೈಯಲಿಲ್ಲ. ಒಲೆಯ ಮೇಲಿನ ಪಾತ್ರೆಯಿಂದ ಬಟ್ಟಲಿಗೆ ಇನ್ನಷ್ಟು ಗಂಜಿ ಬಡಿಸಿ ತಂದು, ಅದನ್ನು ಅವನ ಬೊಕ್ಕೆಯೆದ್ದ ಕೈಗಳಲ್ಲಿ ಇಟ್ಟರು.

"ಇನ್ನ ನೀನ ಕುಡಸು," ಎಂದು ಹೊರಗೆ ಹೋದರು.

ಇಂದುಧರ ಗೋಡೆಯ ಕಡೆ ಮುಖ ತಿರುಗಿಸಿದ. "ಇವನ ಕೈಲೆ ನಾ ಒಲ್ಲೆ ಅವ್ವಾರ."

ಹೊರಗೆ ನೀಲವ್ವ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕೂತರು.

ಭರಮಣ್ಣ ಬಟ್ಟಲು ಹಿಡಿದು ಕೂತೇ ಇದ್ದ. ಏಳಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಗಂಜಿಯ ಹಬೆ ಅವನ ಮುಖಕ್ಕೆ ಏರುತ್ತಿತ್ತು.

ಹಬೆ ಆರುವ ಮೊದಲೇ ಇಂದುಧರ ಇತ್ತ ಮುಖ ತಿರುಗಿಸಿದ. ಅವನ ಕಣ್ಣಲ್ಲಿ ಸಿಟ್ಟು ಹಾಗೇ ಇತ್ತು. ಆದರೆ ಹಸಿವೂ ಇತ್ತು. ಬಾಯಿ ತೆರೆದ.

ಭರಮಣ್ಣ ಗಡಿಬಿಡಿಯಿಂದ ಚಮಚೆ ಎತ್ತಿದ.

ಕಿಟಕಿಯ ಆಚೆಯಿಂದ ನೀಲವ್ವನ ದನಿ ಕೇಳಿಸಿತು.

"ತಮ್ಮಾ, ಬಿಸಿ ಐತಿ. ಊದಿ, ಆರಿಸಿ ಕೊಡು."