ನವರಂಗಕ್ಕೆ ಬಾಲ ಹೊಲಿಯಲು ಮರೆತ ಬಾಳವ್ವ

ಭೂಮಿ ಆಗಿನ್ನೂ ಹಸಿಹಸಿಯಾಗಿತ್ತು. ಎಲ್ಲಿ ಕೂರಬೇಕೆಂದು ಗುಡ್ಡಗಳಿಗೆ ಪೂರ್ತಿ ತಿಳಿದಿರಲಿಲ್ಲ. ಹೊಳೆ ದಿನಕ್ಕೊಂದು ದಾರಿ ಹಿಡಿಯುತ್ತಿತ್ತು. ಯಾರಾದರೂ ಕೇಳಿದರೆ, "ನಾನೂ ಹೊಸಬಳೇ, ದಾರಿ ರೂಢಿ ಆಗಬೇಕಲ್ಲ" ಎನ್ನುತ್ತಿತ್ತು.

ಆ ಕಾಲದಲ್ಲಿ ಹಕ್ಕಿಗಳಿಗೆ ಗರಿ ಇರಲಿಲ್ಲ. ಒಂದಕ್ಕೂ ಇರಲಿಲ್ಲ. ಗರಿಯಿಲ್ಲದ ನವಿಲು ನೋಡಲು ಹೇಗಿತ್ತು ಎಂದು ಮಾತ್ರ ಕೇಳಬೇಡಿ. ಪಾಪ, ಅದಕ್ಕೆ ಈಗಲೂ ನಾಚಿಕೆ.

ಹಕ್ಕಿಗಳಿಗೆಲ್ಲ ಅಂಗಿ ಹೊಲಿದುಕೊಟ್ಟವಳು ಬಾಳವ್ವ. ಮುತ್ತುಗದ ಮರದ ಕೆಳಗೆ ಕಾಲು ಚಾಚಿ ಕೂತು, ಹಗಲೆಲ್ಲ ಹೊಲಿಯುವುದೇ ಅವಳ ಕೆಲಸ. ಅವಳು ಎಷ್ಟು ಮುದುಕಿ ಎಂದರೆ, ಗುಡ್ಡವೇ ಅವಳನ್ನು "ಆಯಿ" ಎಂದು ಕರೆಯುತ್ತಿತ್ತು. ಗುಡ್ಡ ಕರೆದದ್ದನ್ನು ಕೇಳಿ ಹಕ್ಕಿಗಳೂ ಹಾಗೇ ಕರೆದವು.

ಮರಕುಟಿಗ ಊರೆಲ್ಲ ಡಂಗುರ ಹೊಡೆದು ಬಂದಿತು. ಹಕ್ಕಿಗಳು ಸಾಲುಗಟ್ಟಿ ನಿಂತವು. ಕಾಗೆ, "ಕೊಳೆ ಕಾಣದಂಥದ್ದು ಕೊಡು ಆಯಿ" ಎಂದು ಕರಿ ಬಟ್ಟೆ ಆರಿಸಿಕೊಂಡಿತು. ಬೆಳ್ಳಕ್ಕಿ ಬಿಳಿಯೇ ಬೇಕೆಂದು ಹಟ ಹಿಡಿಯಿತು.

"ಕೆಸರಾಗ ನಿಲ್ಲಾಂವಗ ಬಿಳೇದು ಯಾಕೋ?" ಎಂದಳು ಬಾಳವ್ವ.

"ಕಾಲು ಉದ್ದ ಅದಾವಲ್ಲ ಆಯಿ" ಎಂದಿತು ಬೆಳ್ಳಕ್ಕಿ.

ನವಿಲು ಬಂದಾಗಂತೂ ಒಂದಿಡೀ ದಿನ ಹೋಯಿತು. ಹೊಲಿದಷ್ಟೂ ಅದಕ್ಕೆ ಸಾಲದು. ನೆಲಕ್ಕೆ ಎಳೆದಾಡುವಷ್ಟು ಉದ್ದ ಮಾಡಿಸಿಕೊಂಡೇ ಅದು ಹೊರಟಿತು.

ಬಾಳವ್ವ ಕತ್ತರಿಸಿದ ಬಟ್ಟೆಯಲ್ಲಿ ಒಂದು ಚೂರನ್ನೂ ಬಿಸಾಡುತ್ತಿರಲಿಲ್ಲ. ಗಿಣಿಯ ಅಂಗಿಯಿಂದ ಉಳಿದ ಹಸಿರು, ಮಿಂಚುಳ್ಳಿಯದರಿಂದ ಉಳಿದ ನೀಲಿ, ಹೊನ್ನಕ್ಕಿಯದರಿಂದ ಉಳಿದ ಹಳದಿ, ಎಲ್ಲವನ್ನೂ ಗಂಟು ಕಟ್ಟಿ ಇಟ್ಟಿದ್ದಳು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಚೂರು ಚೂರು ಕೂಡಿದರೆ ಏನು? ಕೌದಿ! ಆ ಚೂರುಗಳಿಂದ ತನಗೆ ಹೊದೆಯಲು ಒಂದು ಕೌದಿ ಹೊಲಿದುಕೊಳ್ಳಬೇಕು ಎಂಬುದು ಅವಳ ಆಸೆ.

ಆಸೆ ಎನ್ನುವುದಕ್ಕಿಂತ ಅಗತ್ಯ ಎನ್ನಬೇಕು. ಮಾಗಿಯ ಗಾಳಿ ಬಡಗಣ ಗುಡ್ಡದ ಆಚೆಯಿಂದ ಆಗಲೇ ಹೇಳಿಕಳಿಸಿತ್ತು: "ಎಂಟು ದಿನಕ್ಕ ಬರತೀನಿ. ಹೊದ್ದವರ ತಂಟೆಗೆ ಹೋಗೂದಿಲ್ಲ. ಹೊದಿಕೆ ಇಲ್ಲದವರನ್ನ ಬಿಡೂದಿಲ್ಲ." ಆ ಗಾಳಿ ಹೇಳಿದ ಮಾತಿಗೆ ತಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬಾಳವ್ವನ ಮೈಮೇಲೆ ಇದ್ದದ್ದು ಒಂದು ತೆಳು ಸೀರೆ, ಒಂದು ಕೆಂಪು ಕುಬಸ, ಅಷ್ಟೇ. ಚಳಿ ಎಂದರೆ ಅವಳಿಗೆ ಭಯ. ನಡುವಯಸ್ಸಿನಲ್ಲಿ ಇರಲಿಲ್ಲ, ಈಗ ಇತ್ತು.

ನಾಲ್ಕು ದಿನ ಉಳಿದಿರುವಾಗ ಅವಳು ಗಂಟು ಬಿಚ್ಚಿ ಚೂರುಗಳನ್ನೆಲ್ಲ ಹರವಿಕೊಂಡಳು. ಸರಿಯಾಗಿ ಒಂದು ಕೌದಿಗೆ ಸಾಕಾಗುವಷ್ಟಿದ್ದವು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಪಕ್ಕದ ಪೊದೆ ಅಲುಗಾಡಿತು.

"ಯಾರದು?"

"ನಾನು, ಆಯಿ."

"ನಾನು ಅಂದ್ರ? ಹೆಸರಿಲ್ಲೇನು?"

"ಇನ್ನೂ ಯಾರೂ ಇಟ್ಟಿಲ್ಲ."

ಪೊದೆಯಿಂದ ಒಂದು ಪುಟ್ಟ ಹಕ್ಕಿ ಕುಪ್ಪಳಿಸಿ ಬಂತು. ಮೈಮೇಲೆ ಒಂದು ಎಳೆ ದಾರವೂ ಇಲ್ಲ.

"ಅಯ್ಯ ನನ್ನ ಮಗಳ! ಇಷ್ಟು ದಿನ ಎಲ್ಲಿದ್ದಿ? ಡಂಗುರ ಕೇಳಲಿಲ್ಲೇನು?"

"ಕೇಳಿತ್ತು ಆಯಿ. ಬಂದೂ ಇದ್ದೆ. ಮುಂದ ನವಿಲು ನಿಂತಿತ್ತು, ಹಿಂದ ಹದ್ದು ನಿಂತಿತ್ತು. ದೊಡ್ಡೋರದು ಮುಗೀಲಿ ಅಂತ ಪೊದೆಯೊಳಗ ಕೂತೆ."

"ದೊಡ್ಡೋರದು ಮುಗಿಯೂದು ಅಂತ ಇರತೈತೇನ ಹುಚ್ಚಿ!" ಬಾಳವ್ವನಿಗೆ ಸಿಟ್ಟು ಬಂತು. "ಬಟ್ಟಿ ಎಲ್ಲ ಖಾಲಿ ಆತು. ಇವು ಚೂರು, ನನ್ನ ಕೌದಿಗೆ ಇಟ್ಟಕೊಂಡೀನಿ."

"ಆಗಲಿ ಆಯಿ" ಎಂದಿತು ಹಕ್ಕಿ. ತಿರುಗಿ ಪೊದೆಯ ಕಡೆ ಹೊರಟಿತು.

ಅದು ಜಗಳ ಆಡಿದ್ದರೆ ಬಾಳವ್ವನಿಗೆ ಸುಲಭವಾಗುತ್ತಿತ್ತು. ಅತ್ತಿದ್ದರೂ ಆಗುತ್ತಿತ್ತು, ಸಮಾಧಾನ ಮಾಡಿ ಕಳಿಸುತ್ತಿದ್ದಳು. ಆದರೆ ಅದು "ಆಗಲಿ" ಎಂದುಬಿಟ್ಟಿತು. ಹೋಗುತ್ತಿದ್ದ ಅದರ ಬೆನ್ನ ಮೇಲೆ ಚಳಿಗೆ ಮುಳ್ಳು ಎದ್ದಿರುವುದು ಅವಳಿಗೆ ಕಂಡಿತು.

ಅವಳು ಚೂರುಗಳನ್ನು ನೋಡಿದಳು. ಹಕ್ಕಿಯನ್ನು ನೋಡಿದಳು. ಹೊದಿಕೆ ಒಂದು, ಹೊದೆಯಬೇಕಾದವರು ಇಬ್ಬರು. ಹಕ್ಕಿಯ ಮೈ ಸಣ್ಣದು, ನಿಜ. ಆದರೆ ಗಾಳಿ ನುಗ್ಗದ ಹಾಗೆ ಅಂಗಿ ಆಗಬೇಕಾದರೆ ಚೂರಿನ ಮೇಲೆ ಚೂರು, ಅದರ ಮೇಲೆ ಇನ್ನೊಂದು ಚೂರು, ಪದರ ಪದರವಾಗಿ ಕೂರಿಸಬೇಕು. ಗಂಟೆಲ್ಲ ಬರಿದಾಗುತ್ತದೆ. ಬಾಳವ್ವನಿಗೆ ಹೆದರಿಕೆಯಾಯಿತು. ಹೆದರಿಕೆಯಾಗಿದ್ದಾಗಲೇ ಅವಳು ಕರೆದಳು.

"ಬಾ ಇಲ್ಲಿ. ತೊಡಿ ಮ್ಯಾಲ ಕೂಡು. ಅಲುಗಾಡಿದರ ಸೂಜಿ ಚುಚ್ಚತೈತಿ, ಆಮ್ಯಾಲ ನನ್ನ ಅನಬ್ಯಾಡ."

ಚೂರಿನಲ್ಲಿ ಹೊಲಿಯುವುದು ಬಾಳವ್ವನಿಗೆ ಗೊತ್ತಿದ್ದದ್ದು ಒಂದೇ ಬಗೆಯಲ್ಲಿ, ಕೌದಿಯ ಬಗೆಯಲ್ಲಿ. ಕೌದಿಯನ್ನು ಅಂಚಿನಿಂದ ಶುರು ಮಾಡಬೇಕು. ಸುತ್ತುತ್ತ ಸುತ್ತುತ್ತ ಒಳಗೆ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಹೊಟ್ಟೆಯನ್ನು ಮುಚ್ಚಿದರೆ ಕೌದಿ ಮುಗಿಯಿತು.

ಹಾಗೇ ಹೊಲಿದಳು. ನೆತ್ತಿಗೆ ಗೊರವಂಕದ ಕಂದು ಹಚ್ಚಿದಳು. ಕಣ್ಣಿನ ಅಂಚಿಗೆ ಕಾಗೆಯ ಕರಿ, ಅದರ ಮೇಲೊಂದು ಬೆಳ್ಳಕ್ಕಿಯ ಬಿಳಿ. ಬೆನ್ನಿಗೆ ಗಿಣಿಯ ಹಸಿರು, ಭುಜಕ್ಕೆ ಮಿಂಚುಳ್ಳಿಯ ನೀಲಿ. ರೆಕ್ಕೆಯ ಒಳಗೆ ನವಿಲಿನ ಬಟ್ಟೆಯ ಒಂದು ಚೂರು. "ಇದನ್ನ ಅದಕ್ಕ ಹೇಳಬ್ಯಾಡ" ಎಂದು ಬಾಳವ್ವ ಪಿಸುಗುಟ್ಟಿದಳು. ಎದೆಗೆ ಹೊನ್ನಕ್ಕಿಯ ಹಳದಿ ಬಂತು. ಎಲ್ಲೆಲ್ಲಿ ಸಂದು ಕಂಡಿತೋ ಅಲ್ಲೆಲ್ಲ ಪಾರಿವಾಳದ ಬೂದಿ ಬಣ್ಣ. ಅಂಚಿನಿಂದ ಒಳಗೆ, ಅಂಚಿನಿಂದ ಒಳಗೆ, ಮೂರು ದಿನ ಹೊಲಿದಳು. ಹಕ್ಕಿ ಅಲುಗಾಡದೆ ಅವಳ ಬೆರಳುಗಳನ್ನೇ ನೋಡುತ್ತ ಕೂತಿತ್ತು.

ನಾಲ್ಕನೆಯ ದಿನ ಹೊಟ್ಟೆ ಮಾತ್ರ ಉಳಿಯಿತು.

"ಹೊಟ್ಟಿ ಮುಚ್ಚೂಕಿಂತ ಮೊದಲ ಒಂದು ತುತ್ತು ಹಾಕಬೇಕು" ಎಂದಳು ಬಾಳವ್ವ. "ಹಸದ ಕೌದಿ ಯಾರನ್ನೂ ಬೆಚ್ಚಗ ಇಡೂದಿಲ್ಲ." ಬುತ್ತಿಯಿಂದ ಒಂದು ಚೂರು ರೊಟ್ಟಿ ಮುರಿದಳು.

"ನಾ ರೊಟ್ಟಿ ತಿನ್ನೂದಿಲ್ಲ ಆಯಿ."

"ಮತ್ತೇನ ತಿಂತಿ?"

"ಎರೆಹುಳ."

"ಥೂ!" ಎಂದಳು ಬಾಳವ್ವ. ಆದರೂ ನೆಲ ಕೆದಕಿ, ಮುಖ ಆ ಕಡೆ ತಿರುಗಿಸಿಕೊಂಡು, ಎರಡು ಬೆರಳಲ್ಲಿ ಒಂದು ಎರೆಹುಳ ಹಿಡಿದು ಅದರ ಕೊಕ್ಕಿಗೆ ಇಟ್ಟಳು. ನೇಮ ಎಂದರೆ ನೇಮ.

ಇನ್ನು ಉಳಿದದ್ದು ಒಂದೇ ಚೂರು, ಅವಳ ಕುಬಸ ಹೊಲಿದು ಮಿಕ್ಕ ಕೆಂಪು. ಅದನ್ನು ಕೈಯಲ್ಲಿ ಹಿಡಿದಾಗ ಹಕ್ಕಿ ಕತ್ತು ಹೊರಳಿಸಿ ತನ್ನ ಹಿಂಬದಿ ನೋಡಿಕೊಂಡಿತು.

"ಆಯಿ, ಬಾಲ?"

ಬಾಳವ್ವನ ಕೈ ನಿಂತಿತು. ಕೌದಿಗೆ ಅಂಚು ಉಂಟು, ಮೂಲೆ ಉಂಟು, ಹೊಟ್ಟೆ ಉಂಟು. ಬಾಲ ಎಲ್ಲಿಂದ ಬರಬೇಕು? ಜೀವಮಾನವೆಲ್ಲ ಕೌದಿ ಹೊಲಿದ ಕೈ ಬಾಲವನ್ನೇ ಮರೆತುಬಿಟ್ಟಿತ್ತು.

"ನನ್ನ ಬುದ್ಧಿಗೆ ಏನಾಗಿತ್ತು!" ಎಂದು ಅವಳು ಹಣೆ ಚಚ್ಚಿಕೊಂಡಳು. "ಇರೂದು ಇದೊಂದ ಚೂರು, ಕೂಸ. ಬಾಲಕ್ಕ ಹಚ್ಚಿದರ ಹೊಟ್ಟಿ ತೆರದ ಉಳೀತೈತಿ. ಹೊಟ್ಟಿ ಮುಚ್ಚಿದರ ಬಾಲ ಇಲ್ಲ. ನೀನ ಹೇಳು."

ಗುಡ್ಡದ ಆಚೆ ಗಾಳಿಯ ಸದ್ದು ಕೇಳತೊಡಗಿತ್ತು. ಹಕ್ಕಿಗೂ ಚಂದದ ಬಾಲದ ಆಸೆ ಇತ್ತು. ಯಾವ ಹಕ್ಕಿಗೆ ಇರುವುದಿಲ್ಲ? ಅದು ಇನ್ನೊಮ್ಮೆ ತನ್ನ ಹಿಂಬದಿ ನೋಡಿಕೊಂಡಿತು.

"ಹೊಟ್ಟಿ ಮುಚ್ಚು ಆಯಿ" ಎಂದಿತು. "ನಗೋರು ನಗಲಿ."

ಬಾಳವ್ವ ಕೆಂಪು ಚೂರನ್ನು ಹೊಟ್ಟೆಗೆ ಹಚ್ಚಿ ಗಂಟು ಹಾಕಿದಳು. ಸೀರೆಗೆ ಅಂಟಿಕೊಂಡಿದ್ದ ಉಗುರಿನಷ್ಟು ಕರಿ ಚೂರನ್ನು ಕಿತ್ತು ಹಿಂದೆ ಸಿಕ್ಕಿಸಿದಳು. ಮೋಟು ಬಾಲ! ಹಕ್ಕಿ ಅದನ್ನೇ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿಕೊಂಡು ಖುಷಿಪಟ್ಟಿತು. ಬಾಳವ್ವ ಬಣ್ಣಗಳನ್ನು ಬೆರಳಲ್ಲಿ ಎಣಿಸಿದಳು. ಒಂಬತ್ತು ಇದ್ದವು.

"ನವರಂಗ" ಎಂದಳು. "ಇನ್ನ ಯಾರರ ಕೇಳಿದರ ಹೆಸರು ಹೇಳು."

ಅಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಹೊಳೆಯನ್ನು ನಡುಗಿಸಿತು, ಹುಲ್ಲನ್ನು ಮಲಗಿಸಿತು, ಮುತ್ತುಗದ ಮರದ ಕೆಳಗೆ ಬಂದು ನಿಂತಿತು.

"ಬಾಳವ್ವ, ನಿನ್ನ ಹೊದಿಕಿ ಎಲ್ಲಿ?"

"ಅಲ್ಲಿ ನಿಂತೈತಿ ನೋಡು" ಎಂದು ಅವಳು ನವರಂಗವನ್ನು ತೋರಿಸಿದಳು.

ಗಾಳಿ ನಿಟ್ಟುಸಿರು ಬಿಟ್ಟಿತು. "ನೀ ಒಳ್ಳೇಕಿ ಅಂತ ನನಗ ಗೊತ್ತೈತಿ. ಆದರ ಆಡಿದ ಮಾತು ಆಡಿದ್ದು."

"ನಿನ್ನ ಕೆಲಸ ನೀ ಮಾಡಪಾ" ಎಂದು ಬಾಳವ್ವ ಮರದ ಬುಡದಲ್ಲಿ ಮೊಣಕಾಲು ಮಡಚಿ ಮಲಗಿಕೊಂಡಳು. ಹಲ್ಲು ಕಟಕಟ ಎನ್ನುತ್ತಿತ್ತು.

ನವರಂಗ ಮರದ ಹತ್ತಿರ ಓಡಿತು. "ಮರಣ್ಣ, ಮರಣ್ಣ, ನಿನ್ನ ಎಲಿ ಕೊಡು!"

"ಕೊಡತಿದ್ದೆ ತಂಗಿ" ಎಂದಿತು ಮರ. "ಕಿತ್ತು ಕೊಡಾಕ ನನಗ ಕೈ ಎಲ್ಲದಾವ?" ನಿಜವೇ. ಆಗ ಎಲೆಗಳು ಉದುರುತ್ತಿರಲಿಲ್ಲ, ಹುಟ್ಟಿದಲ್ಲೇ ಇರುತ್ತಿದ್ದವು.

ನವರಂಗ ಗಾಳಿಯ ಕಡೆ ತಿರುಗಿತು. ದೊಡ್ಡವರ ಎದುರು ಬಾಯಿ ಬಿಡದ ಹಕ್ಕಿ ಅದು. ಅವತ್ತು ಬಿಟ್ಟಿತು.

"ಇಷ್ಟೇನ ನಿನ್ನ ಜೋರು? ಈ ಮರದ ಒಂದು ಎಲೀನೂ ಅಲುಗಲಿಲ್ಲಲ್ಲ!"

ಗಾಳಿಗೆ ರೇಗಿತು. ಕೆನ್ನೆ ಉಬ್ಬಿಸಿ ಊದಿತು. ಅಗಲಗಲ ಎಲೆಗಳು ಒಂದು, ಹತ್ತು, ನೂರು ಉದುರಿದವು. ನವರಂಗ ಒಂದೊಂದನ್ನೇ ಕೊಕ್ಕಿನಲ್ಲಿ ಕಚ್ಚಿ ತಂದು ಬಾಳವ್ವನ ಮೇಲೆ ಇಟ್ಟಿತು. ಮೂರು ದಿನ ನೋಡಿ ಕಲಿತ ಹಾಗೆಯೇ, ಮೊದಲು ಪಾದ, ಆಮೇಲೆ ತಲೆ, ಆಮೇಲೆ ಮಗ್ಗುಲು, ಅಂಚಿನಿಂದ ಒಳಗೆ, ಪದರದ ಮೇಲೆ ಪದರ. ಕೊನೆಯ ಎಲೆ ಬಾಳವ್ವನ ಹೊಟ್ಟೆಯ ಮೇಲೆ ಬಿತ್ತು.

ಗಾಳಿ ಬಗ್ಗಿ ಹುಡುಕಿತು. ಹೊದಿಕೆ ಇಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಹೊದ್ದು ಮಲಗಿದವಳೊಬ್ಬಳು ಇದ್ದಳು, ಅಷ್ಟೇ. ಆಡಿದ ಮಾತು ಆಡಿದ್ದು. ಗಾಳಿ ಮೀಸೆಯಲ್ಲೇ ನಕ್ಕು ಮುಂದಿನ ಗುಡ್ಡಕ್ಕೆ ಹೊರಟುಹೋಯಿತು.

"ಆಯಿ, ಬೆಚ್ಚಗೈತಾ?" ಎಂದು ನವರಂಗ ಒಂದು ಎಲೆ ಎತ್ತಿ ಇಣುಕಿತು.

"ಬೆಚ್ಚಗೈತಿ. ಎಲಿ ಮುಚ್ಚು, ಥಂಡಿ ಬರತೈತಿ" ಎಂದಿತು ಒಳಗಿನ ದನಿ.

ಮರದಲ್ಲಿ ಹೊಸ ಚಿಗುರು ಬಂದ ಮೇಲೆ ಬಾಳವ್ವ ಎದ್ದು ಮೈಮುರಿದು ಬೇರೆ ಸೀಮೆಗೆ ಹೊಲಿಯಲು ಹೋದಳು. ಎಲೆಯ ಕೌದಿಯ ರುಚಿ ಹತ್ತಿತ್ತಲ್ಲ, ಅಂದಿನಿಂದ ಮಾಗಿ ಬಂದಾಗಲೆಲ್ಲ ಅವಳು ಯಾವುದೋ ಒಂದು ಮರದ ಕೆಳಗೆ ಎಲೆ ಹೊದ್ದು ಮಲಗುತ್ತಾಳೆ. ಯಾವ ಮರ ಎಂದು ಹೇಳುವುದಿಲ್ಲ. ನವರಂಗವೂ ಚಳಿ ಶುರುವಾಗುತ್ತಲೇ ದೂರದಿಂದ ಹಾರಿ ಬರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಶಿಳ್ಳೆ ಹಾಕಿ ಕೂಗಿ, ಉತ್ತರಕ್ಕೆ ಕಿವಿಗೊಟ್ಟು ನಿಲ್ಲುತ್ತದೆ.

ಅದಕ್ಕೇ ಮಕ್ಕಳೇ, ಚಳಿಗಾಲದಲ್ಲಿ ಮೋಟು ಬಾಲದ ಬಣ್ಣಬಣ್ಣದ ಹಕ್ಕಿಯೊಂದು ಮರದ ಕೆಳಗೆ ತರಗೆಲೆಗಳನ್ನು ಒಂದೊಂದಾಗಿ ಎತ್ತಿ ಇಣುಕಿ ನೋಡುವುದು ಕಂಡರೆ ಸದ್ದು ಮಾಡದೆ ನಿಂತುಬಿಡಿ, ಅದು ತನ್ನ ಆಯಿಗೆ ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಲು ಅವಳನ್ನು ಹುಡುಕುತ್ತಿದೆ.