ದೇವರು ಬಂದವಳ ಬಾಯಿಗೆ ಸಕ್ಕರೆ ಹಾಕಿದ ಕರಿಬಸ

ಹತ್ತಿರ ಬನ್ನಿ. ಇನ್ನೂ ಹತ್ತಿರ. ಬಾಗಿಲು ಮುಂದೆ ಮಾಡಿ. ಈ ಮಾತು ನಿಮ್ಮ ಕಿವಿ ದಾಟಿ ಆಚೆ ಹೋದರೆ ನನ್ನಾಣೆ ನೋಡಿ! ನಾನೂ ಬರೀ ಒಂಬತ್ತು ಮನೆಗೆ ಹೇಳಿದ್ದೀನಿ, ಅಷ್ಟೆ.

ನಮ್ಮ ಮಂಡಕ್ಕಿ ಭಟ್ಟಿ ಓಣಿಯಲ್ಲಿ ನನ್ನ ಗೋಡೆಗೆ ಗೋಡೆ ಹತ್ತಿದ ಮನೆ ದ್ಯಾಮವ್ವಂದು. ಅವಳಿಗೆ ಒಬ್ಬನೇ ಮಗ, ಕರಿಬಸ. ವಯಸ್ಸು ಮೂವತ್ತು ದಾಟಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ. ‘ಹಾಲು ಉಕ್ಕುತ್ತೇನೋ ನೋಡೋ’ ಅಂದರೆ ಉಕ್ಕಿ ಒಲೆ ಆರೋವರೆಗೂ ನೋಡಿ, “ಉಕ್ತು ಕಣವ್ವಾ, ಪೂರ್ತಿ ನೋಡಿದೆ!” ಅಂತಾನೆ.

“ಇವನ ಬದಲು ಒಂದು ಗುಂಡುಕಲ್ಲು ಹೆತ್ತಿದ್ದರೆ ಖಾರಾನಾದರೂ ಅರೀತಿದ್ದೆ!” ಅಂತ ದ್ಯಾಮವ್ವ ಹಣೆ ಬಡಕೊಳ್ಳೋಳು.

ದ್ಯಾಮವ್ವನಿಗೆ ಸಕ್ಕರೆ ಕಾಯಿಲೆ. ಕಣ್ಣೂ ಮಂಜು. ಹಾಗಾಗಿ ಮಾತ್ರೆಯ ಪಾರುಪತ್ಯವೆಲ್ಲ ಈ ಮಹಾರಾಯನ ಕೈಗೆ ಬಂತು. ಮೊದಲು ಅವಳಿಗೆ ಎರಡು ಥರದ ಮಾತ್ರೆ ಇದ್ದವು. ಹೋದ ತಿಂಗಳು ಡಾಕ್ಟರು ಬದಲಾಯಿಸಿದರು. ನರ್ಸಮ್ಮ ಕರಿಬಸನನ್ನ ಕೂರಿಸಿಕೊಂಡು ಹೇಳಿದಳು: “ನೋಡಪ್ಪಾ, ಈ ಒಂದು ಮಾತ್ರೆಯಲ್ಲೇ ಆ ಹಳೇ ಎರಡೂ ಮದ್ದು ಸೇರಿದಾವೆ. ಹಳೇವು ನಿಲ್ಲಿಸು, ಇದೊಂದೇ ಕೊಡು.”

ಬಂದವನೇ ನನ್ನ ಅಡಕತ್ತರಿ ಇಸ್ಕೊಂಡು ಹೋದ. ಕಟ್! ಕಟ್! ಕಟ್!

“ಏನೋ ಮಾಡ್ತಿದ್ದೀ, ಮುಂಡೇದೇ?” ಅಂದಳು ದ್ಯಾಮವ್ವ.

“ಒಳಗೆ ಎರಡು ಅದಾವಂತವ್ವ, ಹುಡುಕ್ತಾ ಇದೀನಿ. ಆರು ಒಡೆದೆ, ಒಂದರಾಗೂ ಸಿಗಲಿಲ್ಲ. ಆಸ್ಪತ್ರೆಯೋರು ಮೋಸ ಮಾಡ್ಯಾರೆ!”

ಚೂರುಗಳನ್ನ ಕಟ್ಟಿಕೊಂಡು ಆಸ್ಪತ್ರೆಗೇ ಜಗಳಕ್ಕೆ ಹೋದ. ನರ್ಸಮ್ಮ ಬೈದಳು ನೋಡಿ! “ಇದನ್ನ ಒಡೀಬಾರದು, ಅರೀಬಾರದು! ಇಡೀ ಮಾತ್ರೆ, ಊಟದ ಜೊತೆಗೆ ಕೊಡಬೇಕು!”

“ಹೂಂ ಅಕ್ಕಾ, ಈಗ ತಿಳೀತು!”

ತಿಳೀತಂತೆ! ಮಾರನೇ ದಿನ ದ್ಯಾಮವ್ವ ರೊಟ್ಟಿ ಬಡಿಯೋಕೆ ಹಿಟ್ಟು ಕಲಸಿಟ್ಟಳು. ಉಣ್ಣೋ ಹೊತ್ತಿಗೆ, “ಮಾತ್ರೆ ಎಲ್ಲೋ?” ಅಂದಳು.

“ಊಟದ ಜೊತೆಗೇ ಐತವ್ವಾ. ಹಿಟ್ಟಿನಾಗೆ ಇಟ್ಟೆ. ಯಾವ ರೊಟ್ಟಿಗೆ ಬಂತೋ ನೀನೇ ನೋಡು!”

ಹನ್ನೊಂದು ರೊಟ್ಟಿ ಚೂರು ಚೂರು ಮಾಡಿದಳು ಪಾಪ. ಹನ್ನೆರಡನೇದರಲ್ಲಿ ಮಾತ್ರೆ ಸುಟ್ಟು ಕರಕಲಾಗಿ ಕೂತಿತ್ತು.

“ಅಯ್ಯೋ ನನ್ನ ಕರ್ಮವೇ! ನಾನು ತಾಟಿನ ಮುಂದೆ ಕೂತಾಗ ನನ್ನ ಕೈಗೆ ಕೊಡೋ! ಊಟ ಇಲ್ಲದ ಹೊತ್ತು ಮಾತ್ರೆನೂ ಇಲ್ಲ. ಒಂದು ಹೊತ್ತು ತಪ್ಪಿತು ಅಂತ ಮುಂದಿನ ಹೊತ್ತಿಗೆ ಎರಡು ಕೊಟ್ಟೀಯ, ಜೋಕೆ!”

“ಹೂಂ ಅವ್ವಾ, ಈಗ ತಿಳೀತು!”

ಅದನ್ನ ಮಾತ್ರ ಸರಿಯಾಗಿ ಮಾಡಿದ. ಆದರೆ ನರ್ಸಮ್ಮ ಮತ್ತೊಂದು ಹೇಳಿಬಿಟ್ಟಳಲ್ಲ: “ಅಪ್ಪಿತಪ್ಪಿ ಉಣ್ಣದೆ ಮಾತ್ರೆ ನುಂಗಿದರೆ ಮೈಯಲ್ಲಿ ಸಕ್ಕರೆ ಇಳಿದುಹೋಗ್ತದೆ. ಬೆವರು ಕಿತ್ತು ಬರ್ತದೆ. ಎಚ್ಚರ ಇದ್ದರೆ ಕೂಡಲೇ ಬಾಯಿಗೆ ಸಕ್ಕರೆ ಹಾಕಿ, ಇಲ್ಲಿಗೆ ಕರಕೊಂಡು ಬಾ. ಜೇಬಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೋ.”

ಇಟ್ಟುಕೊಂಡ. ಇಟ್ಟುಕೊಂಡು ಸೀದಾ ಕೆಲಸಕ್ಕೆ ಹೋದ. ಮಂಡಕ್ಕಿ ಭಟ್ಟಿ ಅಂದಮೇಲೆ ಕೇಳಬೇಕಾ? ಕಾದ ಮರಳು, ಒಲೆ ತುಂಬಾ ಬೆಂಕಿ, ಹನ್ನೆರಡು ಗಂಡಸರು ಸುರಿಯೋ ಬೆವರಲ್ಲಿ ಮುಳುಗಿ ನಿಂತವರೆ. ಹನ್ನೆರಡು ಬಾಯಿಗೂ ಹಿಡಿ ಹಿಡಿ ಸಕ್ಕರೆ! ಭಟ್ಟಿ ಯಜಮಾನರು ಆಕಳಿಸೋಕೆ ಬಾಯಿ ತೆರೆದಿದ್ದೇ ತಡ, ಅವರಿಗೂ ಬಿತ್ತು.

ದ್ಯಾಮವ್ವ ಕಿವಿ ಹಿಂಡಿದಳು. “ಬೆಂಕಿ ಮುಂದೆ ಬೆವರದೆ ಇನ್ನೇನು ಚಳಿ ಆಗ್ತದೇನೋ? ಬರೀ ಬೆವರಲ್ಲ! ಬೆವರೂ ಬರಬೇಕು, ಕೈಕಾಲೂ ನಡುಗಬೇಕು, ಮಾತು ತಲೆಬುಡ ಇಲ್ಲದಂಗೆ ಆಗಬೇಕು. ಮೂರೂ ಎಣಿಸಿ ಹಾಕು!”

“ಹೂಂ ಅವ್ವಾ, ಈಗ ತಿಳೀತು!”

ಈಗ ದನಿ ಇನ್ನೂ ತಗ್ಗಿಸ್ತೀನಿ. ನಮ್ಮ ಓಣಿಯಲ್ಲಿ ಒಬ್ಬ ಮುದುಕಿಗೆ ಮಂಗಳವಾರ ಮಂಗಳವಾರ ಮೈಮೇಲೆ ಅಮ್ಮ ಬರ್ತಾಳೆ. ಅವಳಿಗೂ ಸಕ್ಕರೆ ಕಾಯಿಲೆ. ಮಾತ್ರೆ ಮುಗಿದಿತ್ತು, ಆಸ್ಪತ್ರೆ ಮಟ್ಟ ಹೋಗೋಕೆ ಸೋಮಾರಿತನ. ದ್ಯಾಮವ್ವನ ಗೂಡಲ್ಲಿ ಹೊಳೆಯೋ ಹೊಸ ಮಾತ್ರೆ ಕಣ್ಣಿಗೆ ಬಿತ್ತು. ‘ಕಾಯಿಲೆ ಒಂದೇ ಅಂದಮೇಲೆ ಮಾತ್ರೆ ಬೇರೆ ಯಾಕೆ?’ ಅಂತ ಒಂದನ್ನ ಸೆರಗಿಗೆ ಗಂಟು ಹಾಕಿದಳು. ಮಂಗಳವಾರ ಬೆಳಗ್ಗೆ, ಉಪವಾಸದ ಬರಿಹೊಟ್ಟೆಗೆ, ಗುಟುಕ್ ಅಂತ ನುಂಗಿದಳು.

ಯಾರು ಅಂತ ಕೇಳಬೇಡಿ... ಹೂಂ, ನಾನೇ! ಹಾಲಜ್ಜಿನೇ! ಮುಚ್ಚಿಕೊಂಡು ಮುಂದೆ ಕೇಳಿ!

ಮಧ್ಯಾಹ್ನ ಗುಡಿ ಮುಂದೆ ಉರುಮೆ ಬಾರಿಸಿದರು. ಮೈ ನಡುಗಿತು. ವಾರವಾರ ನಡುಗೋದು ಬೇರೆ, ಬಿಡಿ. ನಿಲ್ಲಿಸಬೇಕು ಅಂದಾಗ ನಿಲ್ತಿತ್ತು. ಅವತ್ತು ನಿಲ್ಲಲಿಲ್ಲ. ಸೀರೆಯೆಲ್ಲಾ ಬೆವರು. ಕಣ್ಣಿಗೆ ಕತ್ತಲೆ. ‘ಯಾರಾದರೂ ಹಿಡೀರೋ’ ಅಂತ ಹೇಳೋಕೆ ಹೋದರೆ ಬಾಯಿಗೆ ಬಂದಿದ್ದು, “ಎಮ್ಮೆಗೆ ಕುಬುಸ ಹೊಲಿಸ್ರೋ!”

“ಅಮ್ಮನ ಅಪ್ಪಣೆ ಆತು!” ಅಂತ ಜನ ಅಡ್ಡಬಿದ್ದರು. ನಾನು ಸಾಯ್ತಾ ಇದ್ದರೆ ಇವರು ಕಾಯಿ ಒಡೀತಾರೆ!

ಕರಿಬಸ ಒಬ್ಬನೇ ಬೆರಳು ಮಡಚಿದ. “ಬೆವರು, ಒಂದು. ನಡುಕ, ಎರಡು. ತಲೆಬುಡ ಇಲ್ಲದ ಮಾತು, ಮೂರು!” ನುಗ್ಗಿ ಬಂದು, ಗಲ್ಲ ಹಿಡಿದು, ಸಕ್ಕರೆ ಸುರಿದೇಬಿಟ್ಟ.

“ಲೇ ಪಾಪಿ, ದೇವರ ಬಾಯಿಗೆ ಕೈ ಹಾಕ್ತೀಯೇನೋ!” ಬಿದ್ದವು ನೋಡಿ ಏಟು. ಬೆನ್ನ ಮೇಲೆ ದಬದಬ! ಬಿಡಲಿಲ್ಲ ಕಣ್ರೀ. ಏಟು ತಿಂತಾನೇ ಇನ್ನೊಂದು ಹಿಡಿ ಹಾಕಿದ. ನಾನು ನುಂಗ್ತಾ ಹೋದೆ.

ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. “ಅಮ್ಮ ಇಳಿದಳು!” ಅಂದರು ಜನ.

“ಇಲ್ಲ, ಸಕ್ಕರೆ ಏರ್ತು!” ಅಂದ ಕರಿಬಸ, ಮೂಗು ಒರೆಸಿಕೊಂಡು. ನನ್ನನ್ನ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ದ. ನರ್ಸಮ್ಮ ಬೆರಳು ಚುಚ್ಚಿ ನೋಡಿ, “ಇವನಿಲ್ಲದಿದ್ದರೆ ಇವತ್ತು ನಿನ್ನ ಕತೆ ಮುಗೀತಿತ್ತಜ್ಜಿ” ಅಂತ ರಾತ್ರಿಯೆಲ್ಲ ಅಲ್ಲೇ ಮಲಗಿಸಿಕೊಂಡಳು. ಯಾವ ಮಾತ್ರೆ ಅಂತ ಬಾಯಿ ಬಿಡಿಸಿದಳು. ನನಗೆ ಅಂತಲೇ ಬೇರೆ ಮಾತ್ರೆ ಬರೆಸಿಕೊಟ್ಟಳು.

ಆ ಪೆದ್ದನ ಕೈ ತಣ್ಣಗಿರಲಿ. ದಿನಾ ದೀಪ ಹಚ್ಚುವಾಗ ಅಮ್ಮನ ಹೆಸರಿನ ಹಿಂದೆಯೇ ಅವನ ಹೆಸರೂ ಹೇಳ್ತೀನಿ.

ಆದರೆ ಮಾನ ಅನ್ನೋದೊಂದಿದೆಯಲ್ಲ? ಮನೆಗೆ ಬರುವಾಗ ಅವನ ಗಲ್ಲ ಸವರಿ ಅಂದೆ, “ನನ್ನಪ್ಪಾ, ನಾನು ಮಾತ್ರೆ ಕದ್ದಿದ್ದು ಓಣಿಯಲ್ಲಿ ಯಾರಿಗೂ ಹೇಳಬೇಡ.”

“ಹೂಂ ಅಜ್ಜೀ, ಈಗ ತಿಳೀತು!”

ಒಂದೊಂದೇ ಬಾಗಿಲು ತಟ್ಟಿದ. “ಹಾಲಜ್ಜಿ ನಮ್ಮವ್ವನ ಮಾತ್ರೆ ಕದ್ದಳಲ್ಲ, ಅದನ್ನ ನಿಮಗೆ ಹೇಳಬಾರದಂತೆ. ನಾನು ಹೇಳಲ್ಲ!” ಹೀಗೇ ಇಪ್ಪತ್ತೆರಡು ಮನೆ!

ಸಂಜೆ ದ್ಯಾಮವ್ವ ಬಂದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈಯಲ್ಲಿ ತಾಟು, ತಾಟಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ. ನಾನು ತಲೆ ತಗ್ಗಿಸಿದೆ. ಅವಳು ತಾಟು ನನ್ನ ಮುಂದೆ ಕುಕ್ಕಿ, ಮುಖಕ್ಕೆ ಹೊಡೆದ ಹಾಗೆ ಅಂದಳು:

“ಮೊದಲು ಉಣ್ಣೇ, ಕಳ್ಳಿ! ನಿನ್ನ ಬೈಯೋದು ಬಹಳ ಐತೆ. ಬೈಗುಳಾನೂ ಬರಿಹೊಟ್ಟೆಗೆ ತಗೋಬಾರದು!”